ನಾಲ್ಕನೆಯ ಹಾಡಿಗೆ ನಾನು ಅಂಟಿಸಿದ ಬಾಣಗಳು

ಮನು, ತನ್ವಿ,

ಹೋದ ತಿಂಗಳು ಫೋನ್ ಮಾಡಿದಾಗ ನೀವಿಬ್ಬರೂ ನಗುತ್ತಾ ಒಂದು ಪ್ರಶ್ನೆ ಕೇಳಿದಿರಿ. ಒಂದು ರಾಪ್ ಆಲ್ಬಮ್ಮಿನ ಕೆಳಗೆ ಯಾರು ಏನು ಕೆಲಸ ಮಾಡಿದರು ಎಂದು ಬರೆದಿರುವ ಪಟ್ಟಿಯಲ್ಲಿ 'ಚೆಕಿಂಗ್' ಎನ್ನುವುದರ ಮುಂದೆ ಇರುವ ಹೆಸರು ನಮ್ಮ ಅಜ್ಜಿಯದೇನಾ ಎಂದು. ನಾನು ಹೌದು ಎಂದಷ್ಟೇ ಹೇಳಿ, ನಿಮ್ಮ ಅಮ್ಮನಿಗೆ ಫೋನ್ ಕೊಡಿ ಎಂದೆ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ತಾತ ಇರುವ ತನಕ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವುದಾದರೆ ಪರವಾಗಿಲ್ಲ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಮೇಷ್ಟ್ರು ದಿನಾ ಒಂದು ಪುಟ ಉಕ್ತಲೇಖನ ಬರೆಸುತ್ತಿದ್ದರು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಆ ಆಲ್ಬಮ್ಮಿನಲ್ಲಿ ನಾನು ಮಾಡಿದ ಕೆಲಸವೂ ಹೆಚ್ಚುಕಡಿಮೆ ಅದೇ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ನಾನು ಲೈನಿನ, ಅಂದರೆ ಹೊಲಿಗೆ ಮೆಷಿನ್ನುಗಳ ಸಾಲಿನ, ಕೊನೆಯ ಮೇಜಿನ ಚೆಕರ್ ಆಗಿದ್ದೆ. ಹೊಲಿಗೆ ಮುಗಿದ ಶರ್ಟು ನನ್ನ ಮುಂದೆ ಬರುತ್ತದೆ. ಹೊಲಿಗೆ ಜಾರಿದ್ದರೆ, ಗುಂಡಿ ಓರೆಯಾಗಿದ್ದರೆ, ಆ ಜಾಗಕ್ಕೆ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ಬಾಯಿ ಬಿಡುವ ಅಗತ್ಯವೇ ಇಲ್ಲ. ಹೊಲಿದವಳು ಬಾಣ ನೋಡುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಇದಕ್ಕೆ ಆಲ್ಟರೇಷನ್ ಎನ್ನುತ್ತಾರೆ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ.

ಅದೇ ಲೈನಿನಲ್ಲಿ ಕಾಲರ್ ಕೂರಿಸುವ ಹುಡುಗಿಯೊಬ್ಬಳಿದ್ದಳು. ಲೈನಿನಲ್ಲಿ ಹೆಸರಿಗಿಂತ ಕೆಲಸದಿಂದಲೇ ಕರೆಯುವುದು ರೂಢಿ, ಹಾಗಾಗಿ ನಮಗೆಲ್ಲ ಅವಳು ಕಾಲರ್ ಹುಡುಗಿ. ನಮ್ಮ ಯೂನಿಟ್ ಮುಚ್ಚಿ ಮೆಷಿನ್ನುಗಳನ್ನೆಲ್ಲ ಬೇರೆ ಊರಿಗೆ ಸಾಗಿಸಿದ ಮೇಲೆ ಎಲ್ಲರೂ ದಿಕ್ಕಿಗೊಬ್ಬರಾದೆವು. ವರ್ಷದ ನಂತರ ನಾಗಸಂದ್ರ ಮೆಟ್ರೋ ಕೆಳಗಿನ ತರಕಾರಿ ಗಾಡಿಗಳ ಹತ್ತಿರ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ತಾನು ರಾಪ್ ಹಾಡುತ್ತಿದ್ದೇನೆ ಎಂದಳು. ರೇಜ್ ರಾಪ್ ಅಂತೆ, ಅಂದರೆ ಸಿಟ್ಟಿನ ರಾಪ್. ಸೈರನ್ನಿನ ಹಾಗೆ ಕೊರೆಯುವ ಒಂದು ಸದ್ದು, ಹರಿದ ಸ್ಪೀಕರಿನಂತೆ ಎದೆಗೆ ಗುದ್ದುವ ಬೇಸು, ಅದರ ಮೇಲೆ ಒಂದೇ ಮಾತನ್ನು ಹತ್ತು ಸಲ ಕೂಗುವುದು. ಮೂರು ಹಾಡು ಇಂಟರ್‌ನೆಟ್ಟಿಗೆ ಬಿಟ್ಟಿದ್ದಳು. ಕೇಳಿದವರೆಲ್ಲ ಮ್ಯೂಸಿಕ್ ಸಕ್ಕತ್ ಆದರೆ ಏನು ಹೇಳುತ್ತಿದ್ದಾಳೋ ಗೊತ್ತಾಗುವುದಿಲ್ಲ ಎಂದು ಬರೆದಿದ್ದರು.

"ನಮ್ಮವ್ವಂಗೂ ಒಂದ್ ಅಕ್ಸರ ಅರ್ಥ ಆಗ್ಲಿಲ್ಲ ಆಂಟಿ. ಅಂಗಾದ್ರೆ ನಾನ್ ಯಾರಿಗೆ ಬಯ್ತಿದೀನಿ?" ಎಂದಳು. "ನೀವ್ ನನ್ ಹಾಡು ಚೆಕ್ ಮಾಡಿ."

ವಿಷಯ ಏನೆಂದರೆ, ಹಾಡು ಹೊರತರುವ ಒಂದು ಸಂಸ್ಥೆಯವರು ನಾಲ್ಕು ತಿಂಗಳಲ್ಲಿ ಎಂಟು ಹೊಸ ಹಾಡು ತಂದರೆ ಆಲ್ಬಮ್ ಮಾಡುತ್ತೇವೆ ಎಂದಿದ್ದರು. ಅವಳು ಆ ನಾಲ್ಕು ತಿಂಗಳನ್ನು ಪೂರ್ತಿ ಇದಕ್ಕೇ ಇಟ್ಟಿದ್ದಳು. ಆಗದಿದ್ದರೆ ಜಿಗಣಿಯಲ್ಲಿ ಹೊಸದಾಗಿ ತೆರೆದ ಫ್ಯಾಕ್ಟರಿಗೆ ಮತ್ತೆ ಕಾಲರ್ ಕೂರಿಸಲು ಹೋಗುವುದು, ಮತ್ತೆ ಹಾಡಿನ ಮಾತು ಎತ್ತುವುದಿಲ್ಲ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ನಾನು ಹ್ಞೂಂ ಎಂದೆ. ಇಲ್ಲ ಎನ್ನಲು ನನಗೆ ಬರುವುದಿಲ್ಲ.

ರೆಕಾರ್ಡಿಂಗ್ ಜಾಗ ಪೀಣ್ಯದ ಎರಡನೇ ಹಂತದಲ್ಲಿ, ಒಂದು ಶೆಡ್ಡಿನ ಹಿಂದೆ ಹಳೆಯ ಅಚ್ಚುಗಳನ್ನು ಇಡುತ್ತಿದ್ದ ಕೋಣೆ. ಮ್ಯೂಸಿಕ್ ಮಾಡುವ ಹುಡುಗನ ಮಾವನದು ಆ ಶೆಡ್ಡು. ಹುಡುಗ ರಾತ್ರಿ ಪಾಳಿಯಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಓಡಿಸಿ, ಹಗಲು ಬೀಟ್ ಮಾಡುತ್ತಿದ್ದ. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಇತ್ತು. ಅದು ತಗಡಿನ ಮೇಲೆ ಒಂದು ಏಟು ಹಾಕಿದರೆ ಮೈಕಿನ ಕಂಬವೇ ಅಲ್ಲಾಡುತ್ತಿತ್ತು. ಹಾಗಾಗಿ ರೆಕಾರ್ಡಿಂಗಿಗೆ ಸಿಗುತ್ತಿದ್ದದ್ದು ಊಟದ ಸೈರನ್ ಆದ ಮೇಲಿನ ಅರ್ಧ ಗಂಟೆ, ಬಿಟ್ಟರೆ ಭಾನುವಾರ. ಮೂವರೂ ಹನ್ನೆರಡೂವರೆಗೇ ಊಟ ಮುಗಿಸಿ ಸೈರನ್ನಿಗೆ ಕಾಯುತ್ತಾ ಕೂರುತ್ತಿದ್ದೆವು.

ನನ್ನ ಕೆಲಸದ ಕ್ರಮ ಹೀಗಿತ್ತು. ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಮೂರು ಸಲ ಕೇಳುವುದು. ಕೇಳಿಸಿದ ಮಾತನ್ನು ಉದ್ದದ ಹಾಳೆಯ ಮೇಲೆ ಬರೆಯುವುದು. ಮಾತು ತಿಳಿಯದ ಕಡೆ ಜಾಗ ಬಿಟ್ಟು ಒಂದು ಬಾಣ ಅಂಟಿಸಿ, ಪಕ್ಕದಲ್ಲಿ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದು ಪೆನ್ಸಿಲಿನಲ್ಲಿ ಗುರುತು ಮಾಡುವುದು. ಅವಳು ಬರೆದ ಸಾಹಿತ್ಯವನ್ನು ನಾನು ಮೊದಲೇ ನೋಡುವಂತಿಲ್ಲ. ನೋಡಿದರೆ ಕೇಳಿಸದ್ದೂ ಕೇಳಿಸಿದಂತಾಗುತ್ತದೆ.

ಮೊದಲ ಹಾಡಿಗೆ ನಲವತ್ತೊಂದು ಬಾಣ ಬಿದ್ದವು. ಬೀಟ್ ಹುಡುಗ ಹಾಳೆ ನೋಡಿ, "ಆಂಟಿ, ಇದು ಹಾಡಾ ಇಲ್ಲ ದಡಾರ ಎದ್ದಿರೋ ಮಗೂನಾ?" ಎಂದ. ಕಾಲರ್ ಹುಡುಗಿ ನಗಲಿಲ್ಲ. ಒಂದೊಂದೇ ಬಾಣದ ಮೇಲೆ ಬೆರಳಿಟ್ಟು ಕಾರಣ ಹುಡುಕಿದಳು. ಸಾಲಿನ ಕೊನೆಯ ಅಕ್ಷರವನ್ನು ನುಂಗುತ್ತಿದ್ದಳು, ಉಸಿರು ಸಾಲದೆ. ಅದಕ್ಕೆ ಸಾಲನ್ನೇ ಎರಡಾಗಿ ಮುರಿದಳು. ಬಾಯಿ ಮೈಕಿಗೆ ತೀರ ಹತ್ತಿರ ಇದ್ದದ್ದರಿಂದ ಪ, ಬ, ಭ ಬಂದಾಗಲೆಲ್ಲ ಪಟ್ ಎಂದು ಸಿಡಿಯುತ್ತಿತ್ತು. ಅದಕ್ಕೆ ನಾನು ಕಸೂತಿ ಹಾಕುವ ಮರದ ಬಳೆಗೆ ತೆಳುವಾದ ನೆಟ್ ಬಟ್ಟೆಯನ್ನು ಎರಡು ಪದರ ಬಿಗಿದು ಮೈಕಿನ ಮುಂದೆ ಕಟ್ಟಿದೆ. ಕೂಗುವ ಪಲ್ಲವಿಯನ್ನು ಮೂರು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಮೂರೂ ಒಂದೇ ಕಡೆ ನಿಲ್ಲದೆ ತುದಿಯಲ್ಲಿ ದಾರ ಬಿಟ್ಟುಕೊಂಡ ಬಟ್ಟೆಯಂತೆ ಕೇಳುತ್ತಿತ್ತು. ಅದನ್ನು ಸರಿ ಮಾಡಲೇ ನಾಲ್ಕು ಊಟದ ಹೊತ್ತು ಹಿಡಿಯಿತು. ಅವಳ ಮಾತು ಬಂದ ಗಳಿಗೆಯಲ್ಲಿ ಬೇಸು ಸ್ವಲ್ಪ ತಗ್ಗಿ, ಮಾತು ಹೋದೊಡನೆ ಮೇಲೇಳುವ ಹಾಗೆ ಬೀಟ್ ಹುಡುಗ ಕಂಪ್ಯೂಟರಿನಲ್ಲಿ ಕಟ್ಟಿದ.

ಒಂಬತ್ತನೇ ಸಲ ಬರೆದ ಹಾಳೆಯಲ್ಲಿ ಒಂದೂ ಬಾಣ ಇರಲಿಲ್ಲ. ಅದು ಗಂಟೆ ಗಂಟೆಗೂ ಬೋರ್ಡಿನ ಮೇಲೆ ಬರೆಯುವ ಟಾರ್ಗೆಟ್ಟಿನ ಹಾಡು.

ಗಂಟೆಗೆ ನೂರು, ನೂರಕ್ಕೆ ಇನ್ನೂರು,
ಕತ್ತು ಬಗ್ಸಿದ್ದು ನಾನು, ಕಾಲರ್ ಎತ್ತಿದ್ದು ನೀನು,
ನೀನು, ನೀನು, ನೀನು.

ಅವಳ ಅವ್ವ ಅದನ್ನು ಕೇಳಿ ಸೂಪರ್‌ವೈಸರನ ಹೆಸರು ಹಿಡಿದು ಬೈದರಂತೆ. ಅಂದರೆ ಅರ್ಥವಾಯಿತು. ಆ ದಿನ ಮನೆಗೆ ಹೋಗುವಾಗ ನನಗೆ ಬಹಳ ಹೆಮ್ಮೆಯಾಯಿತು ಮಕ್ಕಳೇ. ಎಷ್ಟೋ ಸಾವಿರ ಶರ್ಟು ನೋಡಿ ಕಳಿಸಿದ್ದೆ, ಅವನ್ನು ಯಾರು ತೊಟ್ಟರೋ ಗೊತ್ತಿಲ್ಲ. ಇದು ಮಾತ್ರ ಎಲ್ಲಿಗೆ ಹೋಯಿತು ಎಂದು ನನಗೆ ಗೊತ್ತಿತ್ತು.

ತಪ್ಪು ಶುರುವಾದದ್ದೂ ಅಲ್ಲಿಂದಲೇ. ಗಾರ್ಮೆಂಟ್ಸಿನಲ್ಲಿ ಒಪ್ಪಿಗೆಯಾದ ಮೊದಲ ಪೀಸಿಗೆ ಸೀಲು ಹಾಕಿ ಲೈನಿನಲ್ಲಿ ನೇತುಹಾಕುತ್ತಾರೆ. ಅದೇ ಸ್ಯಾಂಪಲ್. ಮುಂದೆ ಬರುವ ಪ್ರತಿಯೊಂದು ಪೀಸೂ ಅದರಂತೆಯೇ ಇರಬೇಕು. ಯಾರೂ ಹೇಳಿಕೊಡದಿದ್ದರೂ ನಾನು ಆ ಮೊದಲ ಹಾಡನ್ನು ಮನಸ್ಸಿನಲ್ಲಿ ಸ್ಯಾಂಪಲ್ ಮಾಡಿ ನೇತುಹಾಕಿಕೊಂಡುಬಿಟ್ಟೆ.

ಎರಡನೇ ಹಾಡು, ಮೂರನೇ ಹಾಡು ಸಲೀಸಾಗಿ ಹೋದವು. ನಾಲ್ಕನೆಯದು ಬೇರೆ ಥರ ಬಂತು. ಅದು ಯೂನಿಟ್ ಮುಚ್ಚಿದ ದಿನದ ಹಾಡು, ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿದ ದಿನ. ಶುರುವಿನಲ್ಲಿ ಬೇಸೇ ಇಲ್ಲ. ಅವಳು ಕೂಗುವುದಿಲ್ಲ, ಪಕ್ಕದಲ್ಲಿ ಕೂತವಳಿಗೆ ಹೇಳುವಷ್ಟೇ ದನಿ.

ಮೆಷಿನ್ನು ಲಾರಿ ಹತ್ತಿದ್ವು,
ನಾವು ಗೇಟಲ್ ನಿಂತಿದ್ವಿ,
ಡಬ್ಬಿ ಇನ್ನೂ

ಇಷ್ಟು ಹೇಳಿ ನಿಂತುಬಿಡುತ್ತಾಳೆ. ತಾಳ ಬಂದು ಹೋಗುತ್ತದೆ. ಆಮೇಲೆ, ತಡವಾಗಿ, ಬಿಸಿ ಇತ್ತು, ಎನ್ನುತ್ತಾಳೆ.

ನಾನು ಬಾಣ ಅಂಟಿಸಿದೆ. ಇಲ್ಲಿ ದನಿ ಇಳಿದಿದೆ. ಇಲ್ಲಿ ಬೇಸು ಇಲ್ಲ. ಇಲ್ಲಿ ತಾಳಕ್ಕಿಂತ ತಡ. ಇಲ್ಲಿ ಉಸಿರು ಕೇಳಿಸುತ್ತದೆ. ಒಟ್ಟು ಹತ್ತೊಂಬತ್ತು. ಅವಳು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ಲೈನಿನಲ್ಲಿ ಬೆಳೆದವಳು. ಚೆಕರ್ ಬಾಣ ಹಾಕಿದ ಮೇಲೆ ಯಾಕೆ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಸೂಪರ್‌ವೈಸರನನ್ನು ಹಾಡಿನಲ್ಲಿ ಬೈಯುವಷ್ಟು ಧೈರ್ಯ ಇದ್ದವಳಿಗೆ ನನ್ನ ಕೆಂಪು ಸ್ಟಿಕ್ಕರಿನ ಎದುರು ಬಾಯಿ ಬರಲಿಲ್ಲ. ಮಾರನೆಯ ದಿನ ಹಾಡನ್ನು ಬಿಚ್ಚಿ ಮತ್ತೆ ಹೊಲಿದಳು. ದನಿ ಏರಿತು, ಬೇಸು ಬಂತು, ತಾಳಕ್ಕೆ ಸರಿಯಾಗಿ ಮಾತು ಕೂತಿತು. ಒಂದೂ ಬಾಣವಿಲ್ಲ. ಐದನೆಯದಕ್ಕೂ, ಆರನೆಯದಕ್ಕೂ ಹೀಗೆಯೇ ಆಯಿತು. ನಾನು ಕೆಲಸ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ.

ಆರು ಹಾಡು ಕಳಿಸಿದ ಮೇಲೆ ಸಂಸ್ಥೆಯವರ ಉತ್ತರ ದನಿ ಸಂದೇಶವಾಗಿ ಬಂತು. ಬೀಟ್ ಹುಡುಗ ಫೋನನ್ನು ಮೇಜಿನ ಮೇಲಿಟ್ಟು ಕೇಳಿಸಿದ. ಬೈಗುಳವೇನೂ ಇರಲಿಲ್ಲ, ಬಹಳ ಸಮಾಧಾನದ ದನಿ. "ಆರು ಹಾಡು ಕಳ್ಸಿದೀರ ಅಂದ್ಕೊಂಡಿದ್ದೆ. ಒಂದೇ ಹಾಡನ್ನ ಆರು ಸಲ ಕಳ್ಸಿದೀರ. ಮೊದಲನೇದು ಚೆನ್ನಾಗಿದೆ. ಆದ್ರೆ ಒಂದು ಹಾಡಿಂದ ಆಲ್ಬಮ್ ಆಗಲ್ಲ ಅಲ್ವಾ?"

ಅದೇ ವಾರ ಅವಳ ಗಂಟಲು ಕಟ್ಟಿತು. ಆರು ಹಾಡನ್ನೂ ಒಂದೇ ಎತ್ತರದಲ್ಲಿ ಕೂಗಿದರೆ ಇನ್ನೇನಾಗುತ್ತದೆ. ಡಾಕ್ಟರು ಹತ್ತು ದಿನ ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. ಉಳಿದಿದ್ದದ್ದು ಐದು ವಾರ.

ಆ ಹತ್ತು ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಎಲ್ಲ ಹಾಳೆಗಳನ್ನೂ ಮನೆಯ ನೆಲದ ಮೇಲೆ ಹರಡಿಕೊಂಡು ಕೂತೆ. ಅವಳ ತಪ್ಪು ಎಲ್ಲಿದೆ ಎಂದು ಹುಡುಕಲು ಎಂದೇ ಕೂತದ್ದು. ನಾಲ್ಕನೇ ಹಾಡಿನ ಮೊದಲ ಹಾಳೆ ತೆಗೆದುಕೊಂಡೆ. ಹತ್ತೊಂಬತ್ತು ಬಾಣ. ಆದರೆ ಒಂದು ಕಡೆಯೂ ನಾನು ಜಾಗ ಖಾಲಿ ಬಿಟ್ಟಿರಲಿಲ್ಲ. ಅವಳು ಆಡಿದ ಅಷ್ಟೂ ಮಾತು ನನ್ನ ಕೈಬರಹದಲ್ಲಿ ತಪ್ಪಿಲ್ಲದೆ ಕೂತಿತ್ತು. ಮಾತು ತಿಳಿಯುತ್ತದೆಯೋ ಇಲ್ಲವೋ ಹೇಳು ಎಂದಷ್ಟೇ ಅವಳು ಕೇಳಿದ್ದದ್ದು. ಎಲ್ಲವೂ ತಿಳಿದಿತ್ತು. ಹಾಗಾದರೆ ಬಾಣ ಯಾಕೆ ಹಾಕಿದೆ? ಮೊದಲ ಹಾಡಿನ ಹಾಗಿಲ್ಲ ಎಂದು ಹಾಕಿದೆ.

ಲೈನಿನಲ್ಲಿ ಹೊಸ ಸ್ಟೈಲ್ ಶುರುವಾದರೆ ಮೊದಲು ಮಾಡುವ ಕೆಲಸ ಹಳೆಯ ಸ್ಯಾಂಪಲನ್ನು ಕೆಳಗಿಳಿಸುವುದು. ಇಳಿಸುವುದು ಮರೆತು, ಗಂಡಸರ ಶರ್ಟಿನ ಸ್ಯಾಂಪಲ್ ಇಟ್ಟುಕೊಂಡು ಮಕ್ಕಳ ಅಂಗಿ ನೋಡಿದರೆ ಪ್ರತಿಯೊಂದು ಪೀಸೂ ತಪ್ಪೇ. ಹಾಗೆ ಮಾಡಿದ ಹೊಸ ಚೆಕರ್ ಒಬ್ಬಳನ್ನು ನಾನೇ ತಿದ್ದಿದ್ದೆ. ಈಗ ನಾನೇ ಮಾಡಿದ್ದೆ. ಹುಡುಗಿ ನಾಲ್ಕನೇ ಹಾಡಿನ ಹೊತ್ತಿಗೆ ಬೆಳೆದಿದ್ದಳು. ಬೆಳೆದ ಕಡೆಯಲ್ಲೆಲ್ಲ ನಾನು ಬಾಣ ಅಂಟಿಸಿ ಒಳಕ್ಕೆ ಮಡಿಸಿ ಹೊಲಿಸಿದ್ದೆ.

ಇದನ್ನು ಸ್ಟಿಕ್ಕರಿನಲ್ಲಿ ಹೇಳಲು ಬರುವುದಿಲ್ಲ. ಎರಡು ದಿನ ಹೇಗೆ ಹೇಳುವುದೆಂದು ಯೋಚಿಸಿದೆ. ಅವಳು ತನ್ನ ಸಾಮಾನು ತೆಗೆದುಕೊಂಡು ಹೋಗಲು ಶೆಡ್ಡಿಗೆ ಬರುತ್ತಾಳೆ ಎಂದು ಬೀಟ್ ಹುಡುಗ ಫೋನ್ ಮಾಡಿದಾಗ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಅವಳು ಮೈಕನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಮಾತಾಡುವಂತಿಲ್ಲವಾದ್ದರಿಂದ ಫೋನಿನಲ್ಲಿ ಬರೆದು ತೋರಿಸಿದಳು. ನನ್ನ ಕನ್ನಡಕ ಮನೆಯಲ್ಲಿತ್ತು. ಬೀಟ್ ಹುಡುಗ ಓದಿ ಹೇಳಿದ. ಸೋಮವಾರ ಜಿಗಣಿಗೆ ಹೋಗಿ ಕೇಳುತ್ತೇನೆ, ತಪ್ಪೆಲ್ಲ ನನ್ನದೇ, ನಿಮಗೆ ಸುಮ್ಮನೆ ಕಷ್ಟ ಕೊಟ್ಟೆ ಎಂದಿತ್ತು.

ಕೂಗುವವಳ ಬಾಯಿ ಕಟ್ಟಿತ್ತು. ಮಾತಾಡಬೇಕಾದವಳು ನಾನು. ಪಕ್ಕದ ಪ್ರೆಸ್ಸಿನ ಏಟಿಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಸೈರನ್ ಆಗುವವರೆಗೆ ಕಾದೆ. ಸದ್ದು ನಿಂತ ಮೇಲೆ ಹೇಳಿದೆ.

"ನೀನು ಆಲ್ಟರ್ ಮಾಡಿದ್ದು ತಪ್ಪಲ್ಲ ಕಣಮ್ಮ. ನಾನು ಬಾಣ ಹಾಕಿದ್ದೇ ತಪ್ಪು. ನಾಲ್ಕನೇ ಹಾಡಿಗೆ ಸ್ಟೈಲ್ ಬದಲಾಗಿತ್ತು. ನಾನು ಹಳೇ ಸ್ಯಾಂಪಲ್ ಇಳಿಸಿರಲಿಲ್ಲ."

ಬೀಟ್ ಹುಡುಗನಿಗೆ ಏನೂ ತಿಳಿಯಲಿಲ್ಲ. ಅವಳಿಗೆ ತಕ್ಷಣ ತಿಳಿಯಿತು. ಸುತ್ತುತ್ತಿದ್ದ ಕೈ ನಿಂತಿತು. ಮೈಕನ್ನು ಕೆಳಗಿಟ್ಟು ಫೋನಿನಲ್ಲಿ ಏನೋ ಒತ್ತಿದಳು. ಅವನು ಓದುತ್ತಾ ಓದುತ್ತಾ ನಕ್ಕುಬಿಟ್ಟ. "ಚೆಕರ್ ತಪ್ಪು ಒಪ್ಕೊಂಡಿದ್ದನ್ನ ಇದೇ ಮೊದಲು ನೋಡಿದ್ದು, ಯಾವ ಲೈನಲ್ಲೂ ನೋಡಿಲ್ಲ ಅಂತ ಬರ್ದಿದಾಳೆ ಆಂಟಿ."

ನಾನು ನಾಲ್ಕು, ಐದು, ಆರನೇ ಹಾಡುಗಳ ಮೊದಲ ರೆಕಾರ್ಡಿಂಗನ್ನೇ ಕಳಿಸೋಣ ಎಂದೆ. ಹುಡುಗನ ನಗು ನಿಂತಿತು. ಪ್ರತಿ ಸಲ ಹೊಸದು ಪಾಸಾದೊಡನೆ ಹಳೆಯದನ್ನು ಅಳಿಸಿಬಿಟ್ಟಿದ್ದನಂತೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆ. ಅವಳಿಗೂ ತಾನು ಹೇಗೆ ಹಾಡಿದ್ದೆ ಎಂಬ ನೆನಪಿರಲಿಲ್ಲ. ಇಪ್ಪತ್ತು ಸಲ ಬೇರೆ ಥರ ಕೂಗಿದ ಮೇಲೆ ಮೊದಲಿನದು ಎಲ್ಲಿ ನೆನಪಿರುತ್ತದೆ.

ಆಗ ನಾನು ಚೀಲದಿಂದ ಹಾಳೆ ತೆಗೆದೆ. ನಲವತ್ತು ಸೆಕೆಂಡಿಗೆ ದನಿ ಇಳಿದಿದೆ. ಐವತ್ತೆರಡಕ್ಕೆ ತಾಳಕ್ಕಿಂತ ತಡ. ಒಂದು ನಿಮಿಷ ಎಂಟಕ್ಕೆ ಉಸಿರು ಕೇಳಿಸುತ್ತದೆ. ತಪ್ಪೆಂದು ಬರೆದದ್ದೆಲ್ಲ ಅಲ್ಲಿ ಉಳಿದಿತ್ತು. ಅವಳು ಹಾಳೆಗಳನ್ನು ಕಸಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಬೆರಳಿನಲ್ಲಿ ತೊಡೆಯ ಮೇಲೆ ತಾಳ ತಟ್ಟುತ್ತಾ, ತುಟಿ ಮಾತ್ರ ಅಲ್ಲಾಡಿಸುತ್ತಾ, ಬಾಣದಿಂದ ಬಾಣಕ್ಕೆ ಹೋದಳು. ಊಟದ ಹೊತ್ತು ಮುಗಿದು ಪ್ರೆಸ್ಸು ಶುರುವಾದರೂ ಎದ್ದಿರಲಿಲ್ಲ.

ಗಂಟಲು ಸರಿಯಾದ ಮೇಲೆ ಉಳಿದದ್ದು ನಾಲ್ಕು ವಾರಕ್ಕೂ ಕಡಿಮೆ. ಊಟದ ಅರ್ಧ ಗಂಟೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂಗಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಎಲ್ಲಿ ಕೂಗಬೇಕು ಎಂಬುದನ್ನು ಅವಳು ಈಗ ಅಳೆದು ಕತ್ತರಿಸುತ್ತಿದ್ದಳು. ನಾಲ್ಕನೇ ಹಾಡಿನಲ್ಲಿ ಕೂಗು ಒಂದೇ ಕಡೆ, ಕೊನೆಗೆ. ಅದಕ್ಕೆ ಮುಂಚೆ ಎರಡು ನಿಮಿಷ ಮೆಲ್ಲನೆಯ ಮಾತು. "ಗುರು, ಇದು ಕೂಗೋದಕ್ಕಿಂತ ಜಾಸ್ತಿ ಭಯ ಆಗ್ತಿದೆ," ಎಂದ ಬೀಟ್ ಹುಡುಗ. ಅವನೂ ಸುಮ್ಮನಿರಲಿಲ್ಲ. ಸೈರನ್ನಿನ ಥರದ ಆ ಸದ್ದನ್ನು ತೆಗೆದು, ದೂರದಲ್ಲಿ ಲಾರಿಯ ಎಂಜಿನ್ ನಿಂತೇ ಗುಡುಗುಡು ಎನ್ನುವ ಹಾಗೆ ಬೇಸನ್ನು ಕಟ್ಟಿದ.

ನಾನು ಮತ್ತೆ ಕೇಳಿ ಬರೆಯುತ್ತಿದ್ದೆ. ಮಾತು ತಿಳಿಯದಿದ್ದರೆ ಮಾತ್ರ ಬಾಣ. ಅದಕ್ಕೂ ಮೀರಿ ಏನಾದರೂ ಅನಿಸಿದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಒಂದು ಸಲ ಮಾತ್ರ ತಡೆಯಲಾಗಲಿಲ್ಲ. ಏಳನೇ ಹಾಡಿನ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಪಕ್ಕದವರು ಅವತ್ತು ಬೇಗ ಪ್ರೆಸ್ಸು ಶುರುಮಾಡಿದರು. ಧಡ್ ಎಂದು ಒಂದು ಏಟು ರೆಕಾರ್ಡಿಂಗಿನೊಳಗೆ ಬಿತ್ತು. ಹೊರಗಿನ ಸದ್ದು ಹಾಡಿನೊಳಗೆ ಬಂದರೆ ಅದು ಎಣ್ಣೆಯ ಕಲೆ ಇದ್ದ ಹಾಗೆ, ಯಾವ ಸ್ಟೈಲಿನಲ್ಲೂ ತಪ್ಪೇ. ನಾನು ಅಲ್ಲಿಗೆ ಬಾಣ ಅಂಟಿಸಿ ಹಾಳೆ ಕೊಟ್ಟೆ.

ಅವಳು ನೋಡಿದಳು. ಬಾಣವನ್ನು ಉಗುರಿನಿಂದ ಎಬ್ಬಿಸಿ ತೆಗೆದಳು.

"ಇಲ್ಲ ಆಂಟಿ. ಇದು ಇಂಗೇ ಇರ್ಲಿ."

"ಅದು ಹೊರಗಿನ ಸದ್ದು ಕಣಮ್ಮ."

"ನಾನೂ ಅಲ್ಲಿಂದಾನೇ ಬಂದಿರೋದು," ಎಂದಳು. ಸಿಟ್ಟಿನಲ್ಲೇನೂ ಅಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, ಎಂಟನೇ ಹಾಡು ಆ ಏಟಿನಿಂದಲೇ ಶುರುವಾಗಬೇಕು, ಅದನ್ನೇ ಕತ್ತರಿಸಿ ತಾಳ ಮಾಡು ಎಂದು ಹೇಳಿದಳು. ಅವನು ನನ್ನ ಮುಖ ನೋಡಿದ. ನಾನು ಹೆಡ್‌ಫೋನ್ ಹಾಕಿಕೊಂಡೆ. ನನ್ನ ಬಾಣವನ್ನು ಕಿತ್ತು ತೆಗೆದ ಮೊದಲನೆಯವಳು ಅವಳು. ಬೇಸರವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಆ ಹೊತ್ತಿಗೆ ಆಲ್ಬಮ್ ಮುಗಿಯುತ್ತದೆ ಎಂದು ನನಗೆ ಖಾತ್ರಿಯಾಯಿತು.

ಸಂಸ್ಥೆಯವರು ಎಂಟೂ ಹಾಡು ತೆಗೆದುಕೊಂಡರು. ಆಲ್ಬಮ್ ಹೊರಬಂದ ಮೇಲೆ ವೈಟ್‌ಫೀಲ್ಡ್ ಕಡೆ, ಗೋದಾಮಾಗಿದ್ದದ್ದನ್ನು ಸಭಾಂಗಣ ಮಾಡಿದ ಒಂದು ಜಾಗದಲ್ಲಿ ಭಾನುವಾರ ಮಧ್ಯಾಹ್ನ ಅವಳ ಕಾರ್ಯಕ್ರಮ ಇಟ್ಟರು. ನಾನು ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಾಡುಗೋಡಿಯವರೆಗೆ ಒಬ್ಬಳೇ ಹೋದೆ. ಒಳಗೆಲ್ಲ ನಿಮ್ಮ ವಯಸ್ಸಿಗಿಂತ ಸ್ವಲ್ಪ ದೊಡ್ಡ ಹುಡುಗ ಹುಡುಗಿಯರು. ಕೂರಲು ಕುರ್ಚಿಯೇ ಇಲ್ಲ. ಬಾಗಿಲು ಕಾಯುವವರು ನನ್ನನ್ನು ನೋಡಿ ಗಾಬರಿಯಾದರು. "ಅಮ್ಮಾ, ಮುಂದಕ್ಕೆ ಹೋಗ್ಬೇಡಿ, ಗುದ್ದಿಬಿಡ್ತಾರೆ," ಎಂದು ಎಲ್ಲಿಂದಲೋ ಒಂದು ಸ್ಟೂಲ್ ತಂದು ಗೋಡೆಯ ಪಕ್ಕ ಹಾಕಿಕೊಟ್ಟರು.

ಟಾರ್ಗೆಟ್ಟಿನ ಹಾಡಿಗೆ ಅಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನೀನು, ನೀನು, ನೀನು ಎಂದು ಅವಳಿಗಿಂತ ಜೋರಾಗಿ ಅವರೇ ಕೂಗಿದರು. ಒಂದೊಂದು ಅಕ್ಷರವೂ ಅವರಿಗೆ ತಿಳಿದಿತ್ತು. ಎರಡು, ಮೂರು ಮುಗಿದವು. ನಾಲ್ಕನೆಯದಕ್ಕೆ ಬೇಸು ನಿಂತಿತು. ಕುಣಿಯುತ್ತಿದ್ದವರು ಬೆವರು ಒರೆಸಿಕೊಳ್ಳುತ್ತಾ ನಿಂತರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಶುರುಮಾಡಿದಳು. ಮೆಷಿನ್ನು ಲಾರಿ ಹತ್ತಿದವು. ನಾವು ಗೇಟಿನಲ್ಲಿ ನಿಂತೆವು. ಡಬ್ಬಿ ಇನ್ನೂ, ಎಂದು ನಿಲ್ಲಿಸಿದಳು.

ತಾಳ ಬಂದು ಹೋಯಿತು. ನನ್ನ ಹಾಳೆಯಲ್ಲಿ ಬರೆದಿದ್ದ ತಡವೂ ದಾಟಿತು. ಆಲ್ಬಮ್ಮಿನಲ್ಲಿ ಇರುವ ತಡವೂ ದಾಟಿತು. ಇನ್ನೊಂದು ತಾಳ ಬಂತು, ಅದನ್ನೂ ಬಿಟ್ಟಳು. ಮರೆತಳೇನೋ ಎಂದು ನಾನು ಸ್ಟೂಲಿನಿಂದ ಅರ್ಧ ಎದ್ದೆ. ಅಷ್ಟು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅವಳು ಅವರನ್ನೆಲ್ಲ ಒಂದು ಸಲ ನೋಡಿ, ತನಗೆ ಸರಿ ಅನಿಸಿದ ಹೊತ್ತಿಗೆ, ಬಿಸಿ ಇತ್ತು, ಎಂದಳು.

ಅದು ಯಾವ ಹಾಳೆಯಲ್ಲೂ ಇರಲಿಲ್ಲ. ನಾನು ಮತ್ತೆ ಕೂತೆ.

ಮನು, ತನ್ವಿ, ಆಲ್ಬಮ್ ನಿಮ್ಮ ಫೋನಿನಲ್ಲಿದೆ, ಬೇಕೆಂದಾಗ ಕೇಳಬಹುದು. ಆದರೆ ಹಾಡು ಮುಗಿದ ಮೇಲೆ ಅದು ಎಲ್ಲಿ ಕೆಟ್ಟಿತ್ತು, ಯಾರು ಕೆಡಿಸಿದರು, ಅವಳು ಅದನ್ನು ಹೇಗೆ ದಾಟಿದಳು ಎನ್ನುವುದು ಹಾಡಿನಲ್ಲಿ ಕೇಳಿಸುವುದಿಲ್ಲ. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ, ನನ್ನ ಮರ್ಯಾದೆ ಕಾಯಲು. ಆದ್ದರಿಂದ ನಾನೇ ಬರೆದಿದ್ದೇನೆ. ಈ ಹಾಳೆಗಳನ್ನು ನೀರು ತಾಗದ ಕಡೆ, ಇಬ್ಬರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ.